ಕ್ಲೆಮಿಯ ಎಡಗಣ್ಣು

ತೊಟ್ಟು ಬೀಳುವುದಕ್ಕೆ ಮೊದಲೇ ಮರ್ವ್ ಬಾಯಿ ತೆರೆಯುತ್ತಿದ್ದ. ಕಣ್ಣಿಗೆ ಹಾಕುವ ಔಷಧಕ್ಕೆ ಬಾಯಿ ಯಾಕೆ ತೆರೆಯಬೇಕು ಎಂದು ನೊಲೀನ್‌ಗೆ, ಅವನು ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ದಿನದಿಂದಲೂ, ಒಳಗೊಳಗೇ ಸಿಟ್ಟು. ಅಡುಗೆಮನೆಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ನಡುಗುವ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟು, ಗೂಡಿನಲ್ಲಿ ತಾಯಿಗೆ ಕಾಯುವ ಹಕ್ಕಿಮರಿಯ ಹಾಗೆ ಬಾಯಿ ಬಿಟ್ಟುಕೊಂಡು ಕೂತ ಗಂಡನ ಬಲಗಣ್ಣಿನ ರೆಪ್ಪೆಯನ್ನು ಅವಳು ಹೆಬ್ಬೆರಳಿನಿಂದ ಎತ್ತಿ ಹಿಡಿದಳು. ಮೊದಲ ದಿನ ತಾನೇ ಹಾಕಿಕೊಳ್ಳುತ್ತೇನೆಂದು ಹೊರಟಿದ್ದ. ಔಷಧ ಮೂಗಿನ ಮೇಲೆ, ಕಿವಿಯೊಳಗೆ, ಅಂಗಿಯ ಕಾಲರಿಗೆ, ಕಣ್ಣೊಂದು ಬಿಟ್ಟು ಎಲ್ಲ ಕಡೆಗೂ ಬಿದ್ದಿತ್ತು. ಚಹಾವನ್ನೂ ಅರ್ಧ ಲೋಟದ ಮೇಲೆ ಕೊಡುವ ಹಾಗಿಲ್ಲದ ಮನುಷ್ಯ. ತೊಟ್ಟು ಬಿತ್ತು. ಬಾಯಿ ಮುಚ್ಚಿತು. "ಥ್ಯಾಂಕ್ಸ್ ಕಣೇ ನೋಲ್," ಅಂದ. ಅವಳು ಬಾಟಲಿಯ ಮುಚ್ಚಳ ಹಾಕಲಿಲ್ಲ. ಅದನ್ನು ಹಾಗೇ ಹಿಡಿದುಕೊಂಡು ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಕ್ಲೆಮಿ ತೊಳೆಯುವ ಯಂತ್ರದ ಮೇಲೆ, ತನ್ನ ಟವೆಲ್ಲಿನ ಮೇಲೆ ಕೂತಿತ್ತು. ಕಾಫಿಪುಡಿ ಬಣ್ಣದ ಬರ್ಮೀಸ್ ತಳಿಯ ಹೆಣ್ಣುಬೆಕ್ಕು, ಒರೆಸಿಟ್ಟ ಹಿತ್ತಾಳೆಯಂಥ ಹಳದಿ ಕಣ್ಣು. ಆ ಕಣ್ಣಿಗಾಗಿಯೇ ನೊಲೀನ್ ಬೆಕ್ಕುಗಳ ಮೂರು ತಲೆಮಾರು ಕಾದಿದ್ದಳು. ಗುರುವಾರ ಸ್ನಾನ ಮಾಡಿಸಿ ಒಣಗಿಸುವಾಗ ಕ್ಲೆಮಿ ಒಮ್ಮೆ ಸೀನಿತು. ಸೀನಿದ್ದಷ್ಟೇ. ಆದರೆ ಆ ಸೀನು ನೊಲೀನ್‌ಗೆ ಹೊಸದಲ್ಲ. ಸಂಜೆಯ ಹೊತ್ತಿಗೆ ಎಡಗಣ್ಣು ಕೆಂಪಾಗಿ, ಮೂಲೆಯಲ್ಲಿ ನೀರು ನಿಂತು, ಒಳರೆಪ್ಪೆ ಅರ್ಧ ಮೇಲೆದ್ದು ಬಂದಿತ್ತು. ಶೀತದ ವೈರಸ್ಸು. ಬಂದರೆ ಹೋಗುವಂಥದಲ್ಲ, ನರದ ಬುಡದಲ್ಲಿ ಮುದುರಿ ಮಲಗುವಂಥದು. ಒಂದು ಸ್ನಾನ, ಒಂದು ಕಾರಿನ ಪಯಣ, ಮನೆಗೆ ಬಂದ ಹೊಸ ನಾಯಿ, ಅಷ್ಟು ಸಾಕು, ಎದ್ದು ಕಣ್ಣಿಗೆ ಬರುತ್ತದೆ. ಬೆಕ್ಕು ಸಾಕುವವರ ಕ್ಲಬ್ಬಿನ ಯಾವ ಮನೆಯಲ್ಲಿ ಅದಿಲ್ಲ? ಎಲ್ಲರ ಮನೆಯಲ್ಲೂ ಇದೆ, ಎಲ್ಲರೂ ತಮ್ಮ ಮನೆಯಲ್ಲಿ ಇಲ್ಲ ಅನ್ನುತ್ತಾರೆ. ವಂಶದಲ್ಲಿ ಹುಚ್ಚು ಇದ್ದವರು ಮದುವೆ ಮಾತುಕತೆಗೆ ಕೂತಾಗ ಹೇಗೆ ಮುಖ ಇಟ್ಟುಕೊಳ್ಳುತ್ತಾರೋ ಹಾಗೆ.

ತಣ್ಣಗಿನ ಚಹಾ ಡಿಕಾಕ್ಷನ್ನಿನಲ್ಲಿ ಹತ್ತಿ ಅದ್ದಿ ಮೊದಲು ಒರೆಸಿದಳು. ಅದು ಎಲ್ಲರೂ ಮಾಡುವುದು, ಅವಳ ಅತ್ತೆಯೂ ಮಾಡುತ್ತಿದ್ದದ್ದು. ಆಮೇಲೆ ಕೈಯಲ್ಲಿದ್ದ ಮರ್ವ್‌ನ ಬಾಟಲಿ. ಗುರುವಾರ ರಾತ್ರಿ ಮೊದಲ ಸಲ ಹಾಕಿದಾಗ ಅವಳ ಕೈ ಒಮ್ಮೆ ತಡೆದಿತ್ತು. ಸ್ಟೀರಾಯ್ಡ್ ಇದ್ದ ಔಷಧ. ಹಿಂದೊಮ್ಮೆ ಒಬ್ಬ ಮುದುಕ ಪಶುವೈದ್ಯ ಕ್ಲಬ್ಬಿನ ಸಭೆಯಲ್ಲಿ ನಿಂತು ಹೇಳಿದ್ದ: "ಈ ವೈರಸ್ಸಿನ ಕಣ್ಣಿಗೆ ಸ್ಟೀರಾಯ್ಡ್ ಹಾಕಿದರೆ ಕೆಂಪು ಹೋಗುತ್ತೆ, ನಿಜ. ಉರಿಯೋ ಮನೇಲಿ ದೀಪ ಆರಿಸಿದ ಹಾಗೆ. ಹೊರಗಿನವರಿಗೆ ಕಾಣಲ್ಲ, ಅಷ್ಟೇ." ಅವನ ಭಾಷಣಕ್ಕೆ ವಂದನೆ ಹೇಳಿದವಳು ನೊಲೀನೇ. ಆ ವಂದನೆಯ ಮಾತುಗಳು ಕೂಡ ಅವಳಿಗೆ ನೆನಪಿವೆ. ಎರಡು ದಿನ, ಭಾನುವಾರದ ಬೆಕ್ಕಿನ ಪ್ರದರ್ಶನ ಒಂದು ಮುಗಿದರೆ ಸೋಮವಾರ ಬೆಳಿಗ್ಗೆ ಡಾಕ್ಟರ ಹತ್ತಿರ ಎಂದು ಅವಳು ಯಾರಿಗೋ ಮಾತು ಕೊಡುವಂತೆ ಅಂದುಕೊಂಡಿದ್ದಳು. ಈಗ, ಭಾನುವಾರ ಬೆಳಿಗ್ಗೆ, ಕೆಂಪು ಇಳಿದು ಕಣ್ಣು ಬೆಳ್ಳಗಿತ್ತು. ನೋಡಿದರೆ ಏನೂ ಆಗಿಲ್ಲದ ಕಣ್ಣು. ಕ್ಲೆಮಿ ಮಾತ್ರ ತಲೆ ಹಿಂದಕ್ಕೆ ಎಳೆದುಕೊಂಡಿತು. ಇವಳ ಕೈ ನೋಡಿದರೆ ಹಾಗೆ ಎಳೆದುಕೊಂಡದ್ದು ಹುಟ್ಟಿದಾಗಿನಿಂದ ಇದೇ ಮೊದಲು.

ಪ್ರದರ್ಶನಕ್ಕೆ ಹೊರಟ ಕಾರಿನಲ್ಲಿ ಕ್ಲೆಮಿಯ ಬುಟ್ಟಿ ಮರ್ವ್‌ನ ತೊಡೆಯ ಮೇಲೆ. ಡಾಕ್ಟರು ಸೈ ಅನ್ನುವ ತನಕ ಅವನು ಗಾಡಿ ಓಡಿಸುವ ಹಾಗಿಲ್ಲ. ತಮ್ಮೂರು ಅರಾರಟ್‌ನಿಂದ ಬಲ್ಲಾರಟ್‌ವರೆಗೂ ಬುಟ್ಟಿಯ ಕಂಡಿಗೆ ಬಾಯಿಟ್ಟು ಏನೇನೋ ಹೇಳುತ್ತಲೇ ಇದ್ದ. ಹೊಲಗಳ ಮೇಲೆ ಮಂಜು ಬೆಳ್ಳಗೆ ಕೂತಿತ್ತು. ಕುರಿಗಳು ಇದ್ದಾವೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಇವಳು ಒಂದೇ ಕಣ್ಣು ಮಿಟುಕಿಸ್ತಿದ್ದಾಳೆ ನೋಲ್."

"ಬಿಸಿಲು."

"ಬಿಸಿಲೆಲ್ಲಿದೆ?"

"ಮರ್ವ್, ನಿನ್ನ ಕಣ್ಣೇ ನೆಟ್ಟಗಿಲ್ಲ. ಸುಮ್ನೆ ಕೂರು."

ಅವನು ಸುಮ್ಮನೆ ಕೂತ. ಅವನು ಸುಮ್ಮನೆ ಕೂರುವುದರಲ್ಲಿ ಒಂದು ಬಗೆ ಇತ್ತು. ಬೈಸಿಕೊಂಡವನ ಮೌನವಲ್ಲ, ಏನೋ ಅರ್ಥವಾಗಿ, ಅರ್ಥವಾದದ್ದನ್ನು ಜೇಬಿಗೆ ಹಾಕಿಕೊಂಡವನ ಮೌನ. ಬ್ರಿಗ್‌ನ ಕಾಲದಲ್ಲೂ ಹೀಗೇ ಕೂತಿದ್ದ. ಬ್ರಿಗೇಡಿಯರ್ ಎಂಬ ಆ ಗಂಡುಬೆಕ್ಕು ಕ್ಲೆಮಿಯ ಅಜ್ಜ. ರಾಜ್ಯದ ಅರ್ಧ ಬರ್ಮೀಸ್ ಮರಿಗಳಿಗೆ ಅಪ್ಪ. ಅದರ ಒಂದು ಕಣ್ಣು ವರ್ಷಕ್ಕೆ ಒಂದೆರಡು ಸಲ ನೀರಾಡುತ್ತಿತ್ತು. ಅಷ್ಟಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಕ್ಲಬ್ಬಿನವಳೇ ಆದ ಗ್ಲೆನಿಸ್ ತನ್ನ ಹೆಣ್ಣುಬೆಕ್ಕನ್ನು ಮರಿಗಾಗಿ ಅದರ ಹತ್ತಿರ ಬಿಟ್ಟು ಹೋದ ವಾರವೂ ನೀರಾಡುತ್ತಿತ್ತು. ಮರಿಗಳು ಹುಟ್ಟಿ, ಕಣ್ಣು ತೆರೆಯುವ ಮೊದಲೇ ರೆಪ್ಪೆಯ ಕೆಳಗೆ ಕೀವು ಉಬ್ಬಿ ನಿಂತಾಗ ಗ್ಲೆನಿಸ್ ಫೋನ್ ಮಾಡಿದಳು. ಫೋನ್ ಎತ್ತಿದ್ದು ಮರ್ವ್. ನೊಲೀನ್ ಅವನ ಎದುರಿಗೆ ನಿಂತು, ಮಾತಿಲ್ಲದೆ, ತಲೆ ಅಡ್ಡಡ್ಡ ಆಡಿಸಿದಳು. "ಬ್ರಿಗ್‌ಗೆ ಏನೂ ಆಗಿಲ್ಲ ಗ್ಲೆನ್. ಚೆನ್ನಾಗಿದಾನೆ," ಅಂದ ಮರ್ವ್. ಫೋನ್ ಇಟ್ಟು ಹಿತ್ತಿಲ ಶೆಡ್ಡಿಗೆ ಹೋದವನು ಊಟಕ್ಕೂ ಬರಲಿಲ್ಲ. ಗ್ಲೆನಿಸ್ ನಂಬಿದಳು. ನೊಲೀನ್ ಹೇಳಿದ್ದರೆ ನಂಬುತ್ತಿದ್ದಳೋ ಇಲ್ಲವೋ. ಮರ್ವ್ ಸುಳ್ಳು ಹೇಳುವವನಲ್ಲ ಎಂದು ಊರಿಗೆಲ್ಲ ಗೊತ್ತು.

ಪ್ರದರ್ಶನ ನಡೆಯುವುದು ಕೋಳಿ ಶೆಡ್ಡಿನಲ್ಲಿ. ಎಷ್ಟು ತೊಳೆದರೂ ಕೋಳಿಯ ವಾಸನೆ ಸಿಮೆಂಟಿನಿಂದ ಮೇಲೇಳುತ್ತಲೇ ಇರುತ್ತದೆ, ಬೆಕ್ಕುಗಳು ಬಂದ ತಕ್ಷಣ ಮೂಗು ಎತ್ತಿ ಮೂಲೆಮೂಲೆ ಹುಡುಕುತ್ತವೆ. ಬಾಗಿಲಲ್ಲೇ ತಪಾಸಣೆಯ ಮೇಜು. ಆ ಮೇಜು ದಾಟದೆ ಯಾವ ಬೆಕ್ಕೂ ಒಳಗೆ ಹೋಗುವಂತಿಲ್ಲ. ಒಂದು ಬೆಕ್ಕಿನ ಕಣ್ಣಿನಲ್ಲಿ ನೀರು ಕಂಡರೂ, ಮನೆಯಲ್ಲಿ ರೋಗ ಇತ್ತೆಂದು ತಿಳಿದರೂ, ಆ ಮನೆಯ ಎಲ್ಲ ಬೆಕ್ಕುಗಳೂ ವಾಪಸ್ಸು, ಆ ಮನೆಗೆ ಇಡೀ ವರ್ಷ ಬಾಗಿಲು ಬಂದ್. ನಿಯಮ ತಂದವಳು ನೊಲೀನ್. ಆಗ ಅವಳು ಕಾರ್ಯದರ್ಶಿ, ಈಗ ಅಧ್ಯಕ್ಷೆ. ಇವತ್ತು ಸಂಜೆ ಚಹಾದ ಹೊತ್ತಿಗೆ ಅವಳಿಗೆ ಆಜೀವ ಸದಸ್ಯತ್ವದ ಬಿಲ್ಲೆ ಕೊಡುವವರಿದ್ದರು. ಅದು ಗುಟ್ಟು ಎಂದು ಎಲ್ಲರೂ ಅವಳ ಎದುರಿಗೇ ಪಿಸುಗುಟ್ಟುತ್ತಿದ್ದರು.

ಮೇಜಿನ ಪಕ್ಕದಲ್ಲಿ ಟವೆಲ್ಲು, ಔಷಧ ನೀರಿನ ಬಾಟಲಿ ಹಿಡಿದು ನಿಂತವಳನ್ನು ನೋಡಿ ನೊಲೀನ್‌ಳ ಕಾಲು ಸಾಲಿನಲ್ಲೇ ನಿಂತುಬಿಟ್ಟಿತು. ಗ್ಲೆನಿಸ್. ಕೂದಲು ಪೂರಾ ಬೆಳ್ಳಗಾಗಿತ್ತು. ನೀಲಿ ಏಪ್ರನ್ ಕಟ್ಟಿಕೊಂಡಿದ್ದಳು.

"ಅವಳನ್ನ ಯಾರು ಕರೆದದ್ದು?" ನೊಲೀನ್ ಹಿಂದೆ ನಿಂತಿದ್ದ ರೇಲೀನ್‌ಳನ್ನು ಕೇಳಿದಳು. ರೇಲೀನ್ ಪ್ರದರ್ಶನದಲ್ಲಿ ಅವಳ ಪಕ್ಕದ ಗೂಡಿನವಳು, ಮಾತಿನ ಮಲ್ಲಿ, ಎದೆಗೆ ಒಂದು ಮರಿಯ ಬುಟ್ಟಿ ಅಪ್ಪಿಕೊಂಡಿದ್ದಳು.

"ಡಾಕ್ಟರ ಹತ್ರ ಕೆಲಸ ಮಾಡ್ತಾಳಲ್ಲ ಈಗ, ಕ್ಲಿನಿಕ್ಕಲ್ಲಿ. ಡಾಕ್ಟರು ಬಂದ್ರೆ ಅವಳೂ ಬರ್ತಾಳೆ. ಯಾಕೇ, ನಿಂಗೆ ಇನ್ನೂ ಅವಳ ಮೇಲೆ ಸಿಟ್ಟಾ? ಅವಳಿಗಿರಬೇಕಪ್ಪ ಸಿಟ್ಟು, ನಿನಗ್ಯಾಕೆ?" ಎಂದು ರೇಲೀನ್ ನಕ್ಕಳು. ಅವಳು ಎಲ್ಲದಕ್ಕೂ ನಗುತ್ತಾಳೆ.

ಸಿಟ್ಟಲ್ಲ. ಸಿಟ್ಟಾಗಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು. ಆ ವರ್ಷದ ಪ್ರದರ್ಶನದಲ್ಲಿ ಗ್ಲೆನಿಸ್ ಇದೇ ಸಾಲಿನಲ್ಲಿ, ಇದೇ ಕೋಳಿವಾಸನೆಯಲ್ಲಿ, ಗುಣವಾದ ತಾಯಿಬೆಕ್ಕನ್ನು ತಂದು ನಿಂತಿದ್ದಳು. ಕಣ್ಣು ಒಣಗಿತ್ತು, ಮೂಗು ಒಣಗಿತ್ತು. ಆಗಿನ ಡಾಕ್ಟರು ಅಭ್ಯಾಸದಂತೆ ಕೇಳಿದ: "ಮನೇಲಿ ಎಲ್ಲ ಆರೋಗ್ಯವಾಗಿದಾವಾ?" ಹೂಂ ಅಂದಿದ್ದರೆ ಮುಗಿದಿತ್ತು, ಎಲ್ಲರೂ ಹೂಂ ಅನ್ನುತ್ತಾರೆ, ಪ್ರಾರ್ಥನೆಯ ಕೊನೆಗೆ ಆಮೆನ್ ಅನ್ನುವ ಹಾಗೆ. ಗ್ಲೆನಿಸ್ ಅಂದಳು: "ಇಲ್ಲ ಡಾಕ್ಟ್ರೇ. ಮರಿಗಳಿಗೆ ಕಣ್ಣು ಬಂದಿತ್ತು. ಎರಡು ಸತ್ತವು. ಒಂದಕ್ಕೆ ಒಂದು ಕಣ್ಣು ಹೋಯ್ತು. ಈಗ ಚೆನ್ನಾಗಿದಾವೆ." ಸಾಲು ಹಿಂದೆ ಸರಿಯಿತು, ನಿಜವಾಗಿಯೂ ಹಿಂದೆ ಸರಿಯಿತು, ಬುಟ್ಟಿಗಳನ್ನು ಎತ್ತಿಕೊಂಡು. ಡಾಕ್ಟರು ನೊಲೀನ್‌ಳ ಮುಖ ನೋಡಿದ. ಅವಳು ಅಂದದ್ದು ಇಷ್ಟೇ: "ನಿಯಮ ಅಂದ್ರೆ ನಿಯಮ, ಗ್ಲೆನ್." ಗ್ಲೆನಿಸ್ ಬೆಕ್ಕನ್ನು ಬುಟ್ಟಿಗೆ ಹಾಕಿಕೊಳ್ಳುವಾಗ ಕೊಂಡಿ ಸಿಕ್ಕಿಕೊಂಡಿತು, ಮತ್ತೆ ಮತ್ತೆ ಎಳೆದಳು, ಯಾರೂ ಮುಂದೆ ಬಂದು ಬಿಡಿಸಲಿಲ್ಲ. ಕೊನೆಗೆ ಮರ್ವ್ ಹೋಗಿ ಬಿಡಿಸಿದ. ಆಗ ಅವನ ಕೈ ನಡುಗುತ್ತಿರಲಿಲ್ಲ.

"ಮುಂದಿನವರು ಬನ್ನಿ," ಅಂದಳು ಡಾಕ್ಟರ್ ತುಯ್. ಚಿಕ್ಕ ವಯಸ್ಸಿನ ಹುಡುಗಿ, ಬೆಳ್ಳನೆ ಕೈಗವಸು, ಮುಖದಲ್ಲಿ ನಿದ್ದೆ ಸಾಲದ ಸೌಜನ್ಯ. ಕ್ಲೆಮಿಯ ಕಿವಿ ನೋಡಿದಳು, ಬಾಯಿ ನೋಡಿದಳು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ನೊಲೀನ್ ಮೇಜಿನ ಅಂಚಿನಲ್ಲಿದ್ದ ಒಂದು ಗೀರನ್ನು ನೋಡುತ್ತ ನಿಂತಳು.

"ಮನೇಲಿ ಎಲ್ಲ ಆರೋಗ್ಯವಾಗಿದಾವಾ ನೊಲೀನ್?"

"ಎಲ್ಲ."

ಗ್ಲೆನಿಸ್ ಕ್ಲೆಮಿಯ ಎಡಗೆನ್ನೆಯನ್ನು ಬೆರಳಿನಿಂದ ಒಮ್ಮೆ ಸವರಿದಳು. ಅಲ್ಲಿ ಕೂದಲು ಇನ್ನೂ ಸ್ವಲ್ಪ ತೇವವಾಗಿತ್ತು. ಆ ಬೆರಳನ್ನು, ಮೂಗು ತುರಿಸಿಕೊಳ್ಳುವವಳ ಹಾಗೆ, ಮೂಗಿನ ಹತ್ತಿರ ತಂದು ಇಳಿಸಿದಳು. ನೊಲೀನ್ ಬುಟ್ಟಿಯ ಹಿಡಿಗೆ ಕೈ ಹಾಕಿದಳು. ಈಗ ಹೇಳುತ್ತಾಳೆ. ಹೇಳಲಿ. ಹೇಳಿ ಮುಗಿಸಲಿ. ಹೇಳಿದರೆ ಬುಟ್ಟಿ ಎತ್ತಿಕೊಂಡು ಮನೆಗೆ ಹೋಗಬಹುದು, ಬಿಲ್ಲೆ ಹೋದರೆ ಹೋಯಿತು.

"ಚೆಂದದ ಕಣ್ಣು, ನೊಲೀನ್," ಅಂದಳು ಗ್ಲೆನಿಸ್. ಟವೆಲ್ಲಿನಿಂದ ಮೇಜು ಒರೆಸಿದಳು. "ಮುಂದಿನವರು."

ಒಳಗೆ ಬಂದು ನೊಲೀನ್ ಗೂಡಿಗೆ ಪರದೆ ಕಟ್ಟತೊಡಗಿದಳು. ಮೊದಲು ಬಂದದ್ದು ಸಮಾಧಾನ, ಅದರ ಹಿಂದೆಯೇ ತಿರಸ್ಕಾರ. ಗ್ಲೆನಿಸ್‌ಗೆ ಗೊತ್ತಾಗಲಿಲ್ಲ, ಅವಳಿಗೇನು ತಿಳಿಯುತ್ತದೆ, ಟವೆಲ್ ಹಿಡಿಯುವವಳು. ಅಲ್ಲ, ಗೊತ್ತಾಯಿತು, ಕ್ಷಮಿಸಿಬಿಟ್ಟಳು. ಕ್ಷಮಿಸಲು ಅವಳು ಯಾರು? ಅಲ್ಲ, ಕ್ಷಮಿಸಿಲ್ಲ, ದಡದಲ್ಲಿ ನಿಂತು ಗಾಳದ ದಾರ ಸಡಿಲ ಬಿಟ್ಟಿದ್ದಾಳೆ. ಈ ಮೂರನ್ನೂ ಒಂದಾದ ಮೇಲೊಂದು ಅಂದುಕೊಳ್ಳುತ್ತ, ಪರದೆಯ ರೇಷ್ಮೆ ದಾರವನ್ನು ಗಂಟು ಹಾಕಿ ಬಿಚ್ಚಿ ಮತ್ತೆ ಗಂಟು ಹಾಕಿದಳು. ಪಕ್ಕದ ಗೂಡಿನಿಂದ ರೇಲೀನ್‌ಳ ಮರಿ, ಹಾಲುಹಲ್ಲು ಇನ್ನೂ ಬಿದ್ದಿರದ ಬೂದು ಬಣ್ಣದ ತುಂಟ, ಕಂಬಿಯ ಸಂದಿಯಲ್ಲಿ ಮೂತಿ ತೂರಿಸಿತು. ಕ್ಲೆಮಿ ಎದ್ದು ಹೋಗಿ ಅದರ ಮೂಗಿಗೆ ಮೂಗು ಮುಟ್ಟಿಸಿತು.

"ನೋಡೇ ನೋಲ್, ನಿನ್ನ ರಾಣಿ ನಮ್ಮ ಪೋರನಿಗೆ ಮುತ್ತು ಕೊಡ್ತಿದಾಳೆ."

ನೊಲೀನ್ ನಡುವೆ ದಪ್ಪ ಬಟ್ಟೆ ಇಳಿಬಿಟ್ಟಳು, ಬೇಕಾದದ್ದಕ್ಕಿಂತ ಜೋರಾಗಿ.

"ಅಯ್ಯೋ ಮಾರಾಯ್ತಿ, ನಮ್ಮಂಥ ಬಡವರ ಸಹವಾಸ ಬೇಡ್ವಾ ಅರಮನೆಯವರಿಗೆ?" ರೇಲೀನ್ ಮತ್ತೆ ನಕ್ಕಳು. ನೊಲೀನ್ ಕೂಡ ನಕ್ಕಳು. ಹಾಗೆ ನಗುವಾಗ ಆ ಮರಿಯ ಕಣ್ಣುಗಳನ್ನು ನೋಡಿದಳು, ಇನ್ನೂ ನೀಲಿ ಬಿಟ್ಟು ಹಸಿರಿಗೆ ತಿರುಗುತ್ತಿದ್ದವು. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಆಮೇಲೆ ರೇಲೀನ್ ಫೋನ್ ಮಾಡುತ್ತಾಳೆ. ಫೋನ್ ಯಾರು ಎತ್ತಬೇಕು ಎಂಬ ಯೋಚನೆ ಅವಳಿಗೆ ಆ ಕ್ಷಣವೇ ಬಂದದ್ದು, ಅಷ್ಟು ಸಲೀಸಾಗಿ ಬಂದದ್ದು, ಆಮೇಲೆ ನೆನೆದಾಗಲೂ ಅವಳಿಗೆ ಅಸಹ್ಯ ಹುಟ್ಟಿಸಿತು.

ಮಧ್ಯಾಹ್ನದವರೆಗೆ ಎಲ್ಲ ಸರಿಯೇ ಇತ್ತು. ತೀರ್ಪುಗಾರ ನ್ಯೂಜಿಲೆಂಡಿನಿಂದ ಬಂದ ಎತ್ತರದ ಮನುಷ್ಯ, ಬಿಳಿ ಕೋಟು, ಪ್ರತಿ ಬೆಕ್ಕಿಗೂ ಮುಂಚೆ ಕೈಗೆ ಔಷಧ ನೀರು ಹೊಡೆದುಕೊಂಡು ಶಸ್ತ್ರವೈದ್ಯನ ಹಾಗೆ ಬೆರಳು ಬಿಡಿಸಿ ಒಣಗಿಸಿಕೊಳ್ಳುವವನು. ಕ್ಲೆಮಿಯನ್ನು ಬೆಳಕಿಗೆ ಎತ್ತಿ ಹಿಡಿದು, "ಇಂಥ ಕಣ್ಣಿನ ಬಣ್ಣ ನೋಡಿ ಬಹಳ ದಿನ ಆಗಿತ್ತು," ಅಂದ. ಬರ್ಮೀಸ್‌ಗಳಲ್ಲಿ ಮೊದಲನೆಯದು. ಕೊನೆಯ ಸುತ್ತಿಗೆ ಆಯ್ಕೆ. ಮರ್ವ್ ಅಡುಗೆಕಟ್ಟೆಯಿಂದ ಎರಡು ಅರ್ಧ ಲೋಟ ಚಹಾ, ಒಂದು ತಟ್ಟೆಯಲ್ಲಿ ತೆಂಗಿನತುರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು ತಂದ. ಚಹಾ ಅರ್ಧವೂ ಉಳಿದಿರಲಿಲ್ಲ, ತಟ್ಟೆಯಲ್ಲೇ ಇತ್ತು.

"ಬೇವ್ ಕೇಕು ತಂದಿದಾಳೆ ನೋಲ್. ನಿನ್ನ ಹೆಸರು ಬರೆಸಿದಾಳೆ. ನಾನು ನೋಡಿಲ್ಲ ಅಂತ ಹೇಳು."

"ನೀನು ನೋಡಿಲ್ಲ."

"ಕ್ಲೆಮಿ ಊಟ ಮುಟ್ಟಿಲ್ಲ."

ಅವಳು ತಿರುಗಿ ನೋಡಿದಳು. ಕ್ಲೆಮಿ ಗೂಡಿನ ಹಿಂಬದಿಗೆ, ಮೂಲೆಗೆ ಮುಖ ಮಾಡಿ ಕೂತಿತ್ತು. ಕೈ ಹಾಕಿ ತಿರುಗಿಸಿದಳು. ಎಡಗಣ್ಣು ಮುಚ್ಚಿಕೊಂಡಿತ್ತು. ನಿದ್ದೆಯ ಮುಚ್ಚುವಿಕೆಯಲ್ಲ, ಹಲ್ಲು ಕಚ್ಚಿದ ಹಾಗೆ ಒತ್ತಿ ಹಿಡಿದದ್ದು. ಅವಳು ಬೆರಳು ತಂದ ಕೂಡಲೆ ಕ್ಲೆಮಿ ಹೊಟ್ಟೆಯೊಳಗಿಂದ ಒಂದು ಸಣ್ಣ ದನಿ ಹೊರಡಿಸಿತು. ಆ ಕ್ಷಣ ಬುಟ್ಟಿ ತೆಗೆಯಬಹುದಾಗಿತ್ತು. ತಲೆನೋವು ಎಂದು ಹೇಳಿ, ಮರ್ವ್‌ಗೆ ಸುಸ್ತು ಎಂದು ಹೇಳಿ, ಏನೂ ಹೇಳದೆ, ಹಿಂಬಾಗಿಲಿನಿಂದ ಹೋಗಬಹುದಾಗಿತ್ತು. ಧ್ವನಿವರ್ಧಕದಲ್ಲಿ ಬೇವ್ ಕೊನೆಯ ಸುತ್ತಿನ ಬೆಕ್ಕುಗಳನ್ನು ಕರೆಯತೊಡಗಿದಳು. ಬೇವ್ ಉಪಾಧ್ಯಕ್ಷೆ, ಮೈಕು ಸಿಕ್ಕರೆ ಅವಳ ದನಿ ಚರ್ಚಿನದಾಗುತ್ತದೆ. ಹೆಸರುಗಳು ಹತ್ತಿರ ಹತ್ತಿರ ಬರುತ್ತಿದ್ದವು. ನೊಲೀನ್ ಜೇಬಿನೊಳಗೆ ಮರ್ವ್‌ನ ಬಾಟಲಿಯನ್ನು ಬೆರಳುಗಳಿಂದ ತಡವಿದಳು. ಅದು ಮೈಶಾಖಕ್ಕೆ ಬೆಚ್ಚಗಾಗಿತ್ತು. ಇನ್ನೊಂದು ತೊಟ್ಟು. ಪರದೆಯ ಒಳಗೆ ಕೈ, ತೊಟ್ಟು, ಹತ್ತಿ. ಮರ್ವ್ ನೋಡುತ್ತಿದ್ದ. ಅವನ ಹೊಸ ಕಣ್ಣು, ಆ ಕ್ಷಣದ ಮಟ್ಟಿಗೆ, ಚೆನ್ನಾಗಿಯೇ ಕಾಣುತ್ತಿತ್ತು ಅನ್ನಿಸುತ್ತದೆ.

ತೀರ್ಪುಗಾರ ಕ್ಲೆಮಿಯನ್ನು ಎತ್ತಿಕೊಂಡ. ಎತ್ತಿಕೊಂಡವನು ಮುಗುಳ್ನಗುತ್ತಲೇ ಇದ್ದ, ಸುತ್ತ ನಿಂತವರಿಗೆ ಬೆಳಗಿನ ಕಣ್ಣನ್ನು ಮತ್ತೊಮ್ಮೆ ತೋರಿಸುವ ಉತ್ಸಾಹ. ಆಮೇಲೆ ಹೆಬ್ಬೆರಳನ್ನು ಕೆಳರೆಪ್ಪೆಯ ಮೇಲೆ ಇಟ್ಟ. ನಗು ಮುಖದ ಮೇಲೆ ಹಾಗೇ ಉಳಿಯಿತು, ಒಳಗಿನಿಂದ ಮಾತ್ರ ಯಾರೋ ಎದ್ದು ಹೋದ ಹಾಗೆ. ಬೆಕ್ಕನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿದ. ಕೈಗೆ ಔಷಧ ನೀರು ಹೊಡೆದುಕೊಂಡ. ಒಣಗಿಸಿಕೊಂಡು ಮತ್ತೊಮ್ಮೆ ಹೊಡೆದುಕೊಂಡ. ಆ ಎರಡನೇ ಸಲಕ್ಕೆ ಇಡೀ ಶೆಡ್ಡಿಗೆ ಎಲ್ಲ ಅರ್ಥವಾಯಿತು. "ಡಾಕ್ಟರನ್ನ ಕರೀರಿ," ಅಂದ.

ಡಾಕ್ಟರ್ ತುಯ್ ಹುಣ್ಣಿದ್ದರೆ ತೋರಿಸುವ ಕಿತ್ತಳೆ ಬಣ್ಣದ ಒಂದು ಕಾಗದದ ಚೂರನ್ನು ಕಣ್ಣಿಗೆ ಮುಟ್ಟಿಸಿ, ನೀರು ಬಿಟ್ಟು, ನೀಲಿ ದೀಪ ಹಿಡಿದಳು. ಗ್ಲೆನಿಸ್ ಟವೆಲ್ಲಿನಲ್ಲಿ ಕ್ಲೆಮಿಯನ್ನು ಸುತ್ತಿ ಹಿಡಿದಿದ್ದಳು. ನೋವಿಗೆ ಒದ್ದಾಡಬೇಕಿದ್ದ ಬೆಕ್ಕು ಅವಳ ಕೈಯಲ್ಲಿ ತೆಪ್ಪಗಿತ್ತು. ಹಳದಿ ಕಣ್ಣಿನ ಮೇಲೆ ಹಸಿರು ಗೆರೆ ಹೊತ್ತಿಕೊಂಡಿತು. ಒಂದು ಗೆರೆ, ಅದರಿಂದ ಕವಲು, ಕವಲಿನಿಂದ ಕವಲು, ಎಲೆಯುದುರಿದ ಮರದ ಹಾಗೆ. ನಡುವೆ ಕವಲುಗಳು ಕೂಡಿ ಒಂದು ಹೊಂಡವಾಗಿತ್ತು. ನೊಲೀನ್ ಅದನ್ನು ಚಿತ್ರಗಳಲ್ಲಿ ನೋಡಿದ್ದಳು. ಆ ಮುದುಕ ವೈದ್ಯ ಪರದೆಯ ಮೇಲೆ ತೋರಿಸಿದ್ದ.

"ಇದು ವೈರಸ್ ಹುಣ್ಣು. ತುಂಬ ಆಳಕ್ಕೆ ಹೋಗಿದೆ," ಅಂದಳು ಡಾಕ್ಟರ್. "ಬೆಳಿಗ್ಗೆ ಕೆಂಪೇ ಇರಲಿಲ್ಲ. ನೊಲೀನ್, ಕಣ್ಣಿಗೆ ಏನಾದ್ರೂ ಹಾಕಿದ್ರಾ?"

"ತಣ್ಣಗಿನ ಚಹಾ. ಎಲ್ಲರೂ ಹಾಕ್ತಾರಲ್ಲ, ಅದು."

"ಚಹಾ ಅಷ್ಟೇನಾ?"

"ಅಷ್ಟೇ."

"ಇನ್ನೊಂದು ಸಲ ಕೇಳಿ ಡಾಕ್ಟರ್," ಅಂದಳು ಗ್ಲೆನಿಸ್. ತಲೆ ಎತ್ತಲಿಲ್ಲ. ಟವೆಲ್ಲಿನ ಮಡಿಕೆ ಸರಿಮಾಡುತ್ತಲೇ ಅಂದಳು. "ಬೆಳಿಗ್ಗೆ ಕೆನ್ನೆ ಒದ್ದೆ ಇತ್ತು. ಚಹಾ ವಾಸನೆಯೂ ಇತ್ತು. ನಾನು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಇವಳು ತಾನಾಗಿ ವಾಪಸ್ ಕರ್ಕೊಂಡು ಹೋಗ್ತಾಳೇನೋ ನೋಡೋಣ ಅಂತ ಕಾದೆ. ಬೆಕ್ಕಿನ ಕಣ್ಣನ್ನ ಪಣಕ್ಕಿಟ್ಟು ಕಾದೆ. ಅದು ನನ್ನ ತಪ್ಪು. ಆದ್ರೆ ಚಹಾದಿಂದ ಕಣ್ಣು ಇಷ್ಟು ಬೆಳ್ಳಗಾಗಲ್ಲ."

ಬೇವ್ ಗಂಟಲು ಸರಿಮಾಡಿಕೊಂಡಳು. "ಗ್ಲೆನಿಸ್, ಹಳೇದೆಲ್ಲ ಈಗ ಬೇಡ."

"ನನಗೆ ಹಳೇದು ಹೊಸದು ಗೊತ್ತಿಲ್ಲ," ಅಂದಳು ಡಾಕ್ಟರ್ ತುಯ್. ಅವಳ ದನಿಯ ಸೌಜನ್ಯ ಮೊದಲ ಸಲ ಕರಗಿತ್ತು. "ಕೇಳಿ. ಬರೀ ಚಹಾ ಅಂದ್ರೆ ನಾನು ಒಂದು ಔಷಧ ಕೊಡ್ತೀನಿ, ನಾಳೆ ಕ್ಲಿನಿಕ್ಕಿಗೆ ತನ್ನಿ. ಸ್ಟೀರಾಯ್ಡ್ ಬಿದ್ದಿದ್ರೆ ನಾಳೆ ಅನ್ನೋ ಮಾತೇ ಇಲ್ಲ. ಇವತ್ತೇ, ಈಗಲೇ, ಮೆಲ್ಬರ್ನಿನ ಕಣ್ಣಿನ ಡಾಕ್ಟರ ಹತ್ರ ಹೋಗಬೇಕು. ಇಲ್ದಿದ್ರೆ ರಾತ್ರಿಯೊಳಗೆ ಕಣ್ಣು ಒಡೆದು ಹೋಗುತ್ತೆ. ನಾನು ಕೇಳ್ತಿರೋದು ಕ್ಲಬ್ಬಿಗೋಸ್ಕರ ಅಲ್ಲ."

ಎಲ್ಲರೂ ನೊಲೀನ್‌ಳ ಮುಖ ನೋಡುತ್ತಿದ್ದರು. ಅವಳಿಗೆ ಕಾಣುತ್ತಿದ್ದದ್ದು ಬರೀ ಚೂರುಗಳು: ಬೇವ್‌ಳ ಕೈಯಲ್ಲಿದ್ದ ಸಣ್ಣ ನೀಲಿ ಡಬ್ಬಿ, ರೇಲೀನ್ ತನ್ನ ಮರಿಯನ್ನು ಎದೆಗೆ ಅವಚಿಕೊಂಡು ಅಂಗೈಯಿಂದ ಅದರ ಕಣ್ಣು ಮುಚ್ಚಿದ್ದು, ಗ್ಲೆನಿಸ್‌ಳ ಏಪ್ರನ್ನಿನ ಮೇಲೆ ಒಂದು ಹಸಿರು ಹನಿ. ಹೌದು, ಹಾಕಿದೆ. ಎರಡು ಶಬ್ದ. ಗ್ಲೆನಿಸ್ ಅವತ್ತು ಅದಕ್ಕಿಂತ ಎಷ್ಟೋ ಹೆಚ್ಚು ಶಬ್ದಗಳನ್ನು ಇದೇ ಮೇಜಿನ ಮುಂದೆ ಹೇಳಿ, ಸಿಕ್ಕಿಕೊಂಡ ಕೊಂಡಿಯನ್ನು ಎಳೆಯುತ್ತ ನಿಂತಿದ್ದಳು. ನೊಲೀನ್ ಬಾಯಿ ತೆರೆದಳು. ಕ್ಲೆಮಿಯ ಕಣ್ಣು ಉಳಿಯಬೇಕು, ಅದರಲ್ಲಿ ಅವಳಿಗೆ ಸುಳ್ಳಿರಲಿಲ್ಲ. ಅದೊಂದು ಉಳಿಯಬೇಕು, ತಾನೂ ಉಳಿಯಬೇಕು. ಈ ಎರಡಕ್ಕೂ ಸೇರಿ ಇದ್ದ ಒಂದೇ ದಾರಿ, ಎರಡು ಹೆಜ್ಜೆ ಆಚೆ, ಲೋಟ ಹಿಡಿದು ನಿಂತಿತ್ತು.

"ಮರ್ವ್," ಅಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಮೃದುವಾಗಿ ಬಂತು. "ಮರ್ವ್, ನಿನ್ನ ಕಣ್ಣಿನ ಔಷಧ ಏನಾದ್ರೂ ಇವಳಿಗೆ ಹಾಕಿಬಿಟ್ಯಾ? ಬಟ್ಟೆ ಕೋಣೇಲಿ ಬಾಟಲಿ ನೋಡಿದ ಹಾಗಿತ್ತು."

ಮರ್ವ್ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ ಅನ್ನಿಸಿತು ಅವಳಿಗೆ, ಅಷ್ಟೇನೂ ಇರಲಾರದು.

"ಹೂಂ," ಅಂದ. "ನಾನೇ ಹಾಕಿದ್ದು ಡಾಕ್ಟರ್. ಕಣ್ಣು ಕೆಂಪಗಿತ್ತು, ಪಾಪ ಅನ್ನಿಸ್ತು. ನನಗೆ ಒಳ್ಳೇದಾಯ್ತಲ್ಲ, ಇವಳಿಗೂ ಆಗುತ್ತೆ ಅಂದ್ಕೊಂಡೆ."

ಶೆಡ್ಡಿನ ತುಂಬ ಸದ್ದಿಲ್ಲದೆ ಗಾಳಿ ಆಡಿತು. "ಅಯ್ಯೋ ಮರ್ವ್," ಅಂದಳು ಬೇವ್, ಮಗುವಿಗೆ ಅನ್ನುವ ಹಾಗೆ. ಯಾರೋ ಸಣ್ಣಗೆ ನಕ್ಕರು, ಒಳ್ಳೆಯ ನಗುವೇ. ಗಂಡಸರ ಕೈಗೆ ಏನೂ ಕೊಡಬಾರದು ನೋಡು ಅಂದರು ಇನ್ಯಾರೋ. ಡಾಕ್ಟರ್ ತುಯ್ ಆಗಲೇ ಫೋನ್ ತೆಗೆದು ಮೆಲ್ಬರ್ನಿಗೆ ಮಾತಾಡುತ್ತಿದ್ದಳು: ಹೌದು ಸ್ಟೀರಾಯ್ಡ್, ಹೌದು ಆಳದ ಹುಣ್ಣು, ಈಗಲೇ ಹೊರಡುತ್ತಾರೆ. ಫೋನ್ ಇಟ್ಟು ಮರ್ವ್‌ನ ತೋಳು ಮುಟ್ಟಿದಳು. "ಬೇಜಾರು ಮಾಡ್ಕೋಬೇಡಿ. ತುಂಬ ಜನ ಹೀಗೆ ಮಾಡ್ತಾರೆ. ನೀವು ನಿಜ ಹೇಳಿದ್ದು ಒಳ್ಳೇದಾಯ್ತು, ಕಣ್ಣು ಉಳಿದರೂ ಉಳಿಯಬಹುದು."

ಗ್ಲೆನಿಸ್ ಟವೆಲ್ಲಿನ ಸಮೇತ ಕ್ಲೆಮಿಯನ್ನು ಬುಟ್ಟಿಯೊಳಗೆ ಇಳಿಸಿ ಕೊಂಡಿ ಹಾಕಿದಳು. ಕೊಂಡಿ ಒಂದೇ ಸಲಕ್ಕೆ ಕೂತಿತು. ಆಮೇಲೆ ಮರ್ವ್‌ನ ಎದುರಿಗೆ ಬಂದು ನಿಂತಳು. ಅವನ ಕೈಯಲ್ಲಿ ಲೋಟ ತಟ್ಟೆಯ ಮೇಲೆ ಟಕಟಕ ಬಡಿದುಕೊಳ್ಳುತ್ತಿತ್ತು, ಉಳಿದಿದ್ದ ಚಹಾ ಅವನ ಬೆರಳುಗಳ ಮೇಲೆ, ಬೂಟಿನ ಮೇಲೆ ಹನಿಯುತ್ತಿತ್ತು. ಗ್ಲೆನಿಸ್ ಆ ಕೈಗಳನ್ನು ನೋಡಿದಳು. ನೊಲೀನ್‌ಳ ಕಡೆ ಒಮ್ಮೆಯೂ ನೋಡಲಿಲ್ಲ.

"ಲೋಟ ಕೊಡು ಮರ್ವ್," ಅಂದಳು. "ಚೆಲ್ತಿದೆ."

ಬೇವ್ ಬಾಗಿಲ ತನಕ ಓಡೋಡಿ ಬಂದಳು. "ವರ್ಷದ ನಿಯಮದ ಬಗ್ಗೆ ನೀನು ತಲೆ ಕೆಡಿಸ್ಕೋಬೇಡ ನೋಲ್. ಇದು ಆಕಸ್ಮಿಕ. ಕಮಿಟಿಯಲ್ಲಿ ನಾನು ಹೇಳ್ತೀನಿ. ಕೇಕು ಆಮೇಲೆ ಕಳಿಸ್ತೀನಿ, ಇದೊಂದು ಹಾಕ್ಕೊಂಡು ಹೋಗು." ಡಬ್ಬಿ ತೆರೆದು, ಚಳಿಗೆ ಮರಗಟ್ಟಿದ ಬೆರಳುಗಳಿಂದ, ನೊಲೀನ್‌ಳ ಉಣ್ಣೆ ಅಂಗಿಯ ಎದೆಗೆ ಬಿಲ್ಲೆ ಚುಚ್ಚಿದಳು. ಬಿಲ್ಲೆಯ ಮೇಲೆ ಒಂದು ಬೆಕ್ಕು ಇತ್ತು, ಎರಡು ಕಣ್ಣಿಗೆ ಎರಡು ಹಳದಿ ಹರಳು. ಅಲ್ಲಿ ನಿಂತಿದ್ದ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ರೇಲೀನ್ ಅವರಲ್ಲಿ ಇರಲಿಲ್ಲ. ಅವಳು ಶೆಡ್ಡಿನ ಕೊನೆಯ ನಲ್ಲಿಯ ಹತ್ತಿರ, ಮರಿಯ ಮೂತಿಯನ್ನು ನೀರಿನಿಂದ ತೊಳೆಯುತ್ತಿದ್ದಳು. ತೊಳೆದರೆ ಹೋಗುವುದಿಲ್ಲ ಎಂದು ಅವಳಿಗೂ ಗೊತ್ತು, ತೊಳೆಯುತ್ತಲೇ ಇದ್ದಳು. ನಗುತ್ತಿರಲಿಲ್ಲ.

ಮೆಲ್ಬರ್ನಿನ ಹೆದ್ದಾರಿಯಲ್ಲಿ ಮಂಜು ಸರಿದು ಬಿಸಿಲು ಬಿದ್ದಿತ್ತು. ಬೆಳಿಗ್ಗೆ ಇಲ್ಲದ ಬಿಸಿಲು. ಬುಟ್ಟಿ ಮರ್ವ್‌ನ ತೊಡೆಯ ಮೇಲೆ, ಅವನ ಕೈಗಳು ಬುಟ್ಟಿಯ ಕೆಳಗೆ. ಈಗ ಅವನು ಬೆಕ್ಕಿನ ಜೊತೆ ಮಾತಾಡುತ್ತಿರಲಿಲ್ಲ. ನೊಲೀನ್ ಲಾರಿಯೊಂದನ್ನು ದಾಟಿದಳು, ಇನ್ನೊಂದನ್ನು ದಾಟಿದಳು. ಅವನು ಬಯ್ಯಲಿ ಎಂದು ಕಾದಳು. ಯಾಕೆ ಎಂದಾದರೂ ಕೇಳಲಿ. ಕೇಳಿದರೆ ಹೇಳುವುದಕ್ಕೆ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು: ಅವಳ ಕಣ್ಣು ಉಳೀಬೇಕಿತ್ತಲ್ಲ ಮರ್ವ್, ನಿನ್ನನ್ನಾದ್ರೆ ಯಾರೂ ಏನೂ ಅನ್ನಲ್ಲ ಮರ್ವ್. ಎಲ್ಲ ನಿಜವೇ. ಬಿಲ್ಲೆಯ ಸೂಜಿ ಅಂಗಿ ದಾಟಿ ಒಳಗೆ ಚುಚ್ಚುತ್ತಿತ್ತು. ಕೈ ಸ್ಟೀರಿಂಗ್ ಚಕ್ರದಿಂದ ತೆಗೆಯುವ ಹಾಗಿರಲಿಲ್ಲ.

"ನೋಲ್."

"ಹೇಳು."

"ನಾನು ಹಾಕಿದ್ದು ಯಾವ ಕಣ್ಣಿಗೆ?"

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ.

"ಅಲ್ಲಿ ಡಾಕ್ಟರು ಕೇಳ್ತಾರಲ್ಲ," ಅಂದ ಮರ್ವ್. ಅವನ ದನಿಯಲ್ಲಿ ಕೊಂಕಿರಲಿಲ್ಲ. ಅವಳು ಹುಡುಕಿದಳು, ಇರಲಿಲ್ಲ. "ಯಾವತ್ತಿಂದ ಅಂತಾನೂ ಕೇಳ್ತಾರೆ. ತಪ್ಪು ಹೇಳಿದ್ರೆ ಕಷ್ಟ. ಸರಿಯಾಗಿ ಹೇಳ್ಕೊಡು."

ಎದುರಿನಿಂದ ಬಂದ ಬಸ್ಸಿನ ಗಾಜಿನಲ್ಲಿ ಬಿಸಿಲು ಹೊಳೆದು ಅವಳ ಕಣ್ಣಿಗೆ ಹೊಡೆಯಿತು. ಬುಟ್ಟಿಯೊಳಗೆ ಕ್ಲೆಮಿ ಟವೆಲ್ಲನ್ನು ಕೆರೆಯಿತು, ನಿಲ್ಲಿಸಿತು.

"ಎಡಗಣ್ಣು," ಅಂದಳು ನೊಲೀನ್. "ಗುರುವಾರದಿಂದ."

"ಎಡಗಣ್ಣು, ಗುರುವಾರದಿಂದ," ಅಂದ ಅವನು. ಆಮೇಲೆ ಕಿಟಕಿಯ ಕಡೆ ತಿರುಗಿ, ಪ್ರವಾಸಕ್ಕೆ ಹೊರಟ ಮಗು ಮನೆಯ ವಿಳಾಸ ಬಾಯಿಪಾಠ ಮಾಡುವ ಹಾಗೆ, ಅದನ್ನೇ ತುಟಿಯೊಳಗೆ ಹೇಳಿಕೊಳ್ಳತೊಡಗಿದ.